ಬುಟ್ಟಿಯಿಂದ ತೆನೆ ತೆಗೆದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಹೊಳೆದ ಮೊದಲ ಯೋಚನೆ, ಇವರ ಮಣ್ಣಿಗೆ ನನ್ನ ಮಣ್ಣಿಗಿಂತ ಹೆಚ್ಚು ಜನ ಸೇರುತ್ತಾರೆ ಎಂಬುದು. ದುಃಖ ಆಮೇಲೆ ಬಂತು. ಬಂದದ್ದು ನಿಜವಾದ ದುಃಖವೇ. ಆದರೆ ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ಹೊಟ್ಟೆಕಿಚ್ಚು. ಒಂದೇ ಸ್ಟಾಫ್ ರೂಮಿನಲ್ಲಿ ಅರ್ಧ ಆಯುಷ್ಯ ಎದುರುಬದುರು ಕೂತವರ ಮೇಲಿನ ಹೊಟ್ಟೆಕಿಚ್ಚು ಅವರು ಸತ್ತ ಮಾತ್ರಕ್ಕೆ ಸಾಯುವುದಿಲ್ಲ.

ಫೋನು ಮಾಡಿದ್ದು ನಮ್ಮ ಶಾಲೆಯ ಈಗಿನ ಹೆಡ್‌ಮಿಸ್. "ನಿಮ್ಮ ಫ್ರೆಂಡ್ ಹೋದ್ರು ಟೀಚರ್" ಎಂದಳು. ಫ್ರೆಂಡ್! ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವರು ನನಗಿಂತ ಸ್ವಲ್ಪ ಮೊದಲು ಸಹಿ ಹಾಕಿದ್ದರು ಎಂಬ ಒಂದೇ ಕಾರಣಕ್ಕೆ ನಾನು ಜೀವನವಿಡೀ ಅವರ ಜೂನಿಯರ್ ಆಗಿಬಿಟ್ಟೆ. ಆ ದಿನ ನನ್ನ ಬಸ್ಸು ತಡವಾಗಿತ್ತು, ಅಷ್ಟೇ.

ನಮ್ಮ ಶಾಲೆ ಇದ್ದದ್ದು ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ. ಒಂದು ಇಗರ್ಜಿ, ಎಂದರೆ ಚರ್ಚು, ಅದರ ಪಕ್ಕದಲ್ಲಿ ಇಗರ್ಜಿಯದೇ ಶಾಲೆ, ಎದುರಿಗೆ ಒಂದು ಹೋಟೆಲು, ಮತ್ತೆ ಗದ್ದೆ. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಲೆಕ್ಕ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಇನ್ನೊಬ್ಬಳ ಗುರುತು ಹತ್ತುತ್ತದೆ. ಹೇಗೂ ಊರಿನವರು ಹೆಸರಿನಿಂದ ಕರೆದದ್ದು ಕಡಿಮೆ. ಕ್ರೈಸ್ತರಿಗೂ ಬಂಟರಿಗೂ ಜೈನರಿಗೂ ಅವರು 'ಲೆಕ್ಕದ ಟೀಚರ್'. ನನ್ನನ್ನು 'ಕನ್ನಡ ಟೀಚರ್' ಎಂದು ಯಾರೂ ಕರೆದ ನೆನಪಿಲ್ಲ. 'ಇನ್ನೊಬ್ಬರು ಟೀಚರ್' ಎನ್ನುತ್ತಿದ್ದರು.

ಅವರು ಚಂದ ಇದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಅರ್ಥ ಇರುತ್ತಿತ್ತು. ಚಂದ ಇರಲಿಲ್ಲ. ಕುಳ್ಳಗೆ, ದಪ್ಪ ಕನ್ನಡಕ. ಮುಡಿಯಲ್ಲಿ ಹೂವಿನ ಬದಲು ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು, ಬೇಕಾದಾಗ ಕೈ ಹಿಂದೆ ಹಾಕಿ ಅದನ್ನೆಳೆದು ಬೋರ್ಡಿಗೆ ಬರೆಯುವುದು. ಮಧ್ಯಾಹ್ನ ಊಟಕ್ಕೆ ಒಣಮೀನಿನ ಚಟ್ನಿ ತಂದರೆ ಒಂದು ಚೂರೂ ಯಾರಿಗೂ ಕೊಡುವವರಲ್ಲ. ಇಗರ್ಜಿಯಲ್ಲಿ ರಾಗ ಇಲ್ಲ, ತಾಳ ಇಲ್ಲ, ಆದರೂ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ಮದುವೆ ಆಗಲಿಲ್ಲ. ಬಂದ ಗಂಡುಗಳನ್ನೆಲ್ಲ ಅವರೇ ಬೇಡ ಅಂದರು ಎಂದು ಅವರ ತಾಯಿ ಹೇಳುತ್ತಿದ್ದರು, ನಾನು ಪೂರ್ತಿ ನಂಬಿಲ್ಲ.

ಮಕ್ಕಳಿಗೆ ಒಂದು ಪೆಟ್ಟೂ ಕೊಟ್ಟವರಲ್ಲ. ಯಾವನಾದರೂ ಪಕ್ಕದವನದ್ದು ನೋಡಿ ಸರಿ ಉತ್ತರ ಬರೆದರೆ ಸ್ಲೇಟು ಹಿಡಿದು ಕೇಳುತ್ತಿದ್ದರು, "ಉತ್ತರ ಬಂತು. ದಾರಿ ಎಲ್ಲುಂಟು? ದಾರಿ ತೋರಿಸು." ದಾರಿ ಇಲ್ಲದ ಉತ್ತರಕ್ಕೆ ಸೊನ್ನೆ. ಉತ್ತರ ತಪ್ಪಿ ದಾರಿ ಸರಿಯಿದ್ದವನಿಗೆ ಅರ್ಧ ಮಾರ್ಕು. ಈ ನ್ಯಾಯ ಮಕ್ಕಳಿಗೆ ಹೇಗೆ ಹಿಡಿಸಿತೋ ನನಗೆ ಗೊತ್ತಿಲ್ಲ, ಆದರೆ ಹಿಡಿಸಿತ್ತು.

ನನ್ನನ್ನು ಸುಟ್ಟದ್ದು ಅದೂ ಅಲ್ಲ. ಹುಡುಗಿಯರು ಗುಟ್ಟು ಹೇಳಲು ಅವರ ಬಳಿಗೇ ಹೋಗುತ್ತಿದ್ದರು. ನಾನು ಪೆಪ್ಪರ್‌ಮಿಂಟು ಕೊಡುತ್ತಿದ್ದೆ, ತಲೆ ಸವರುತ್ತಿದ್ದೆ, ಕಥೆ ಹೇಳುತ್ತಿದ್ದೆ. ಅವರು ಏನೂ ಕೊಡುತ್ತಿರಲಿಲ್ಲ. ಶಾಲೆ ಬಿಟ್ಟುಹೋದ ಹುಡುಗಿಯರು ಕೂಡ ಸಂಜೆ ಅವರ ಜಗಲಿಯಲ್ಲಿ ಕೂತಿರುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ, "ಎಂತ ಮಾರಾಯ್ತಿ, ಎಲ್ಲರೂ ನಿಮ್ಮ ಹತ್ರವೇ ಬರುವುದು?"

ಅವರು ಸ್ವಲ್ಪ ಯೋಚಿಸಿ, "ನಾನು ಕೇಳಿದ ಮೇಲೆ 'ಅಯ್ಯೋ' ಹೇಳುವುದಿಲ್ಲ ಅಲ್ವಾ ಟೀಚರ್, ಅದಕ್ಕಿರಬೇಕು" ಎಂದರು.

ನಾನು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಅಯ್ಯೋ ಅನ್ನದೆ ಇರಲು ನಾನೇನು ಕಲ್ಲೇ?

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಇಗರ್ಜಿಗೆ ಹೊಸ ವಿಗಾರರು ಬಂದರು. ವಿಗಾರರು ಎಂದರೆ ಇಗರ್ಜಿಯ ಮುಖ್ಯ ಪಾದ್ರಿ, ಶಾಲೆಯ ಸಂಚಾಲಕರೂ ಅವರೇ. ಇವರು ಸಾಮಾನ್ಯದವರಲ್ಲ, ಸುತ್ತಲಿನ ಇಗರ್ಜಿಗಳಿಗೆಲ್ಲ ಮೇಲ್ವಿಚಾರಕರು. ನಾಳೆ ಬಿಷಪ್ ಆಗುವವರು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಎತ್ತರದ ಆಳು, ಗಂಟೆಯಂಥ ಸ್ವರ. ಗದ್ದೆಯ ಬದುವಿನಲ್ಲಿ ನಿಂತು ಬಂಟರ ಹತ್ತಿರ ತುಳು ಮಾತಾಡುತ್ತಿದ್ದರು. ಶಾಲೆಗೆ ಹೆಂಚು ಹೊದೆಸಿದರು, ಬಾವಿ ತೋಡಿಸಿದರು, ಇಗರ್ಜಿಯ ಸಭಾಂಗಣದ ಮೇಲಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕ್ಲಾಸು ಶುರುಮಾಡಿದರು. ನನ್ನನ್ನು ಕಂಡಾಗ "ಏನು ಪಂಡಿತರೇ?" ಎನ್ನುತ್ತಿದ್ದರು. ಊರಿನಲ್ಲಿ ನನ್ನ ಕನ್ನಡಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ. ಅದರಿಂದ ನನಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಹೊಲಿಗೆ ಕ್ಲಾಸಿಗೆ ಸೇರಿದ ಹುಡುಗಿಯರು ಆಗಾಗ ನಡುವಿನಲ್ಲೇ ಬಿಟ್ಟುಹೋಗುತ್ತಿದ್ದರು. ಈಗಿನ ಹುಡುಗಿಯರಿಗೆ ಕೂತು ಕೆಲಸ ಮಾಡಲು ಸೋಮಾರಿತನ ಎಂದು ನಾವೆಲ್ಲ ಹೇಳಿಕೊಂಡೆವು.

ಅವರಲ್ಲಿ ಒಬ್ಬಳನ್ನು ಇಲ್ಲಿ ಕಾರ್ಮಿನ್ ಎಂದು ಕರೆಯುತ್ತೇನೆ. ಆಗ ಅವಳಿಗೆ ಇಪ್ಪತ್ತು ತುಂಬಿತ್ತು. ತಂದೆ ಇಲ್ಲ, ತಾಯಿ ಬೀಡಿ ಕಟ್ಟಿ ಸಾಕಿದ್ದು. ಶಾಲೆಯಲ್ಲಿದ್ದಾಗ ಅವಳು ನನ್ನ ಹುಡುಗಿ, ಲೆಕ್ಕದಲ್ಲಿ ಡಬ್ಬ, ಕನ್ನಡ ಪದ್ಯ ಓದಿದರೆ ಜೇನು. ಬಹುಮಾನಕ್ಕೆ ಅವಳನ್ನು ತಯಾರು ಮಾಡಿದವಳು ನಾನು. ಆ ಕಾರ್ಮಿನ್ ಒಂದು ಸಂಜೆ ಹೊಲಿಗೆ ಕ್ಲಾಸಿನಿಂದ ನೇರ ಓಡಿಹೋದದ್ದು ಲೆಕ್ಕದ ಟೀಚರ ಮನೆಗೆ. ದಾರಿಯಲ್ಲಿ ಮೊದಲು ಸಿಗುವುದು ನನ್ನ ಮನೆ.

ಆದದ್ದು ಇಷ್ಟು. ನಿಲುವಂಗಿಗೆ ಅಳತೆ ತೆಗೆಯಲು ಎಂದು ವಿಗಾರರು ಅವಳನ್ನು ಆಫೀಸಿಗೆ ಕರೆಸಿ ಬಾಗಿಲು ಹಾಕಿದ್ದರು. ಅವಳ ಮೇಲೆ ಕೈ ಹಾಕಿದ್ದರು. ಅವಳು ಅವರನ್ನು ನೂಕಿ, ಅಳತೆಯ ಟೇಪನ್ನು ಅಲ್ಲೇ ಎಸೆದು, ಹಿಂದಿನ ಬಾಗಿಲಿನಿಂದ ಓಡಿಬಂದಿದ್ದಳು. ಲೆಕ್ಕದ ಟೀಚರ್ ಅಯ್ಯೋ ಅನ್ನಲಿಲ್ಲ. ಬಿಸಿ ಗಂಜಿ ಕೊಟ್ಟು, ತಾಯಿಯನ್ನು ಕರೆಸಿ, ಮರುದಿನದಿಂದ ಕ್ಲಾಸು ಬಿಟ್ಟಿದ್ದ ಹುಡುಗಿಯರ ಮನೆಗಳಿಗೆ ಒಂದೊಂದಾಗಿ ಹೋದರು. ಸೋಮಾರಿಗಳು ಎಂದು ನಾವು ಹೇಳಿದ್ದ ಹುಡುಗಿಯರೆಲ್ಲ ಅದೇ ಬಾಗಿಲಿನಿಂದ ಓಡಿದವರು. ಇದು ಯಾವುದೂ ನನಗೆ ಆಗ ತಿಳಿಯಲಿಲ್ಲ. ಎದುರು ಮೇಜಿನಲ್ಲಿ ಕೂತು ಒಣಮೀನಿನ ಚಟ್ನಿ ತಿನ್ನುತ್ತಿದ್ದ ಹೆಂಗಸು ಹೊಟ್ಟೆಯೊಳಗೆ ಇಷ್ಟನ್ನು ಇಟ್ಟುಕೊಂಡಿದ್ದರು.

ಮೊದಲು ಅವರು ಹೋದದ್ದು ವಾಡೆಯ ಗುರಿಕಾರರ ಬಳಿಗೆ. ಇಗರ್ಜಿಯ ಕೆಲಸಕ್ಕೆ ನಮ್ಮ ಮನೆಗಳ ಗುಂಪಿಗೊಬ್ಬ ಹಿರಿಯ ಇರುತ್ತಾರೆ, ಅವರೇ ಗುರಿಕಾರರು. ಅವರು ಕೇಳಿ ಎರಡೂ ಕಿವಿ ಮುಚ್ಚಿಕೊಂಡರಂತೆ. "ಹುಡುಗಿಗೆ ಮದುವೆ ಆಗ್ಲಿಕ್ಕುಂಟು ಟೀಚರ್. ಮಾತಾಡಿದರೆ ಹೋಗುವುದು ಅವಳ ಮರ್ಯಾದೆ, ಅವರದ್ದಲ್ಲ" ಎಂದರಂತೆ. ಆಮೇಲೆ ಟೀಚರ್ ಕಾರ್ಮಿನಳನ್ನೂ ತಾಯಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ಪೇಟೆಗೆ, ಬಿಷಪರ ಮನೆಗೆ ಹೋದರು. ಅಲ್ಲಿ ಒಬ್ಬರು ಹಿರಿಯ ಪಾದ್ರಿ ಎಲ್ಲವನ್ನೂ ಕೇಳಿ, ಚಹಾ ಕೊಟ್ಟು, "ನಾವು ನೋಡ್ತೇವೆ, ನೀವು ಪ್ರಾರ್ಥನೆ ಮಾಡಿ" ಎಂದು ಕಳಿಸಿದರು. ಮಳೆಗಾಲ ಹಾಗೆಯೇ ಕಳೆಯಿತು. ಯಾರೂ ಏನೂ ನೋಡಲಿಲ್ಲ. ಹೊಲಿಗೆ ಕ್ಲಾಸಿಗೆ ಹೊಸ ಹುಡುಗಿಯರು ಸೇರಿದರು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಅದೇ ಹೊಸ ಅಕ್ಕಿಯ ಹಬ್ಬವೂ ಹೌದು. ಗದ್ದೆಯಿಂದ ಹೊಸ ತೆನೆ ಕೊಯ್ದು ತಂದು ದೊಡ್ಡ ಬುಟ್ಟಿಯಲ್ಲಿಟ್ಟು, ಪಾದ್ರಿ ಅದಕ್ಕೆ ಆಶೀರ್ವಾದದ ನೀರು ಚಿಮುಕಿಸುತ್ತಾರೆ. ಆಮೇಲೆ ಮನೆಗೊಬ್ಬರಂತೆ ಸಾಲಿನಲ್ಲಿ ನಿಲ್ಲುವುದು, ಪಾದ್ರಿ ಬುಟ್ಟಿಯಿಂದ ತೆಗೆದು ಕೈಗೆ ಕೊಟ್ಟ ತೆನೆಯನ್ನು ತಲೆಬಾಗಿ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಕೂಡಿ ಉಣ್ಣಬೇಕು. ಸಾಮಾನ್ಯವಾಗಿ ಸಾಲಿನಲ್ಲಿ ನಿಲ್ಲುವುದು ಮನೆಯ ಗಂಡಸರು. ನನ್ನ ಗಂಡ ಮುಂಬಯಿಯ ಹೋಟೆಲಿನಲ್ಲಿದ್ದರು, ಆದ್ದರಿಂದ ನಾನು ನಿಲ್ಲುತ್ತಿದ್ದೆ. ಲೆಕ್ಕದ ಟೀಚರ ಮನೆಯಲ್ಲಿ ಗಂಡಸರೇ ಇಲ್ಲ, ಆದ್ದರಿಂದ ಅವರು.

ಪ್ರತಿ ವರ್ಷ ನಾನು ಅವರಿಗಿಂತ ಮುಂದೆ ನಿಲ್ಲುತ್ತಿದ್ದೆ. ಶಾಲೆಯಲ್ಲಿ ಹಿಂದೆ ಬಿದ್ದವಳಿಗೆ ಇಗರ್ಜಿಯಲ್ಲಾದರೂ ಅಷ್ಟು ಬೇಡವೇ? ಆ ವರ್ಷವೂ ಪೂಜೆ ಮುಗಿಯುವ ಮೊದಲೇ ಎದ್ದು ಹೋಗಿ ಅವರಿಗಿಂತ ಮುಂದೆ ಜಾಗ ಹಿಡಿದೆ. ವಿಗಾರರು "ಪಂಡಿತರಿಗೆ ಒಳ್ಳೆಯ ತೆನೆ" ಎಂದು ತುಂಬು ತೆನೆ ಹುಡುಕಿ ಕೊಟ್ಟರು. ತಲೆಬಾಗಿ ತೆಗೆದುಕೊಂಡು ಪಕ್ಕಕ್ಕೆ ಸರಿದೆ. ನನ್ನ ಹಿಂದೆ ಅವರು.

ವಿಗಾರರು ತೆನೆ ಚಾಚಿದರು. ಲೆಕ್ಕದ ಟೀಚರ್ ಕೈ ಒಡ್ಡಲಿಲ್ಲ. ವಿಗಾರರ ಮುಖವನ್ನು ಒಮ್ಮೆ ನೋಡಿದರು, ಬಾಗಿದರು, ಬುಟ್ಟಿಯಿಂದ ತಾವೇ ಒಂದು ತೆನೆ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, ಹೊರಟುಹೋದರು. ಚಾಚಿದ ತೆನೆ ವಿಗಾರರ ಕೈಯಲ್ಲೇ ಉಳಿಯಿತು. ಅವರು ನಕ್ಕು ಅದನ್ನು ಮುಂದಿನವರಿಗೆ ಕೊಡಹೋದರು. ಮುಂದಿನವರು ಕಾರ್ಮಿನಳ ತಾಯಿ. ಆ ಬಡಪಾಯಿಯ ಕೈಯೂ ಬುಟ್ಟಿಗೇ ಹೋಯಿತು. ಅವರ ಹಿಂದೆ ಇನ್ನೊಂದು ಮನೆ, ಇನ್ನೊಬ್ಬ ತಾಯಿ. ನಡುನಡುವೆ ಏನೂ ಗೊತ್ತಿಲ್ಲದ ಗಂಡಸರು ಬಂದು ವಿಗಾರರ ಕೈಯಿಂದ ತೆಗೆದುಕೊಂಡರು. ಆದರೆ ಬುಟ್ಟಿಗೆ ಕೈಹಾಕಿದ ಮನೆಗಳು ಯಾವುವು ಎಂದು ನೋಡುತ್ತ ನಿಂತವರಿಗೆ ಹೊಲಿಗೆ ಕ್ಲಾಸಿನ ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಮಾತಿಲ್ಲದೆ ಇಡೀ ಊರಿಗೆ ವಿಷಯ ಗೊತ್ತಾಯಿತು. ನಾನು ತುಂಬು ತೆನೆ ಹಿಡಿದುಕೊಂಡು ಬದಿಯಲ್ಲಿ ನಿಂತಿದ್ದೆ.

ಮನೆಯಲ್ಲಿ ಅತ್ತೆ ಕೇಳಿದರು, "ವಿಗಾರರ ಕೈಯಿಂದಲೇ ತಕೊಂಡದ್ದು ಅಲ್ವಾ?" ಹೌದೆಂದೆ. ಅವರಿಗೆ ಸಮಾಧಾನ. ಊಟ ಮುಗಿದದ್ದೇ ಲೆಕ್ಕದ ಟೀಚರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ನನಗೆ ಮೊದಲೇ ಹೇಳಬಾರದಿತ್ತಾ?" ಎಂದೆ. ಸಿಟ್ಟಿನಿಂದ ನನ್ನ ಸ್ವರ ಒಡೆದಿತ್ತು.

"ಹೇಳಿದ್ರೆ ಎಂತ ಮಾಡ್ತಿದ್ರಿ?"

"ನಿಮ್ಮ ಹಿಂದೆ ನಿಲ್ತಿದ್ದೆ!"

ಅವರು ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಆ ದಪ್ಪ ಕನ್ನಡಕದ ಹಿಂದೆ ನಗು ಬಂತು. "ನೀವಾ ಟೀಚರ್? ನನ್ನ ಹಿಂದೆಯಾ?" ಎಂದರು. ತಾಯಿಯೂ ನಕ್ಕರು. ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ನನಗೂ ನಗು ಬಂತು, ನಕ್ಕೆ. ನಕ್ಕು ಮುಗಿದ ಮೇಲೆ ಕಾರ್ಮಿನಳ ವಿಷಯವೆಲ್ಲ ಹೇಳಿದರು. ನಾನು "ಅಯ್ಯೋ" ಎಂದೆ.

"ಆದರೂ ಹಬ್ಬದ ತೆನೆ ಮಾರಾಯ್ತಿ, ಪಾದ್ರಿಯ ಕೈಯಿಂದ ತಕೊಳ್ಳದಿದ್ದರೆ ಆಗ್ತದಾ?" ಎಂದು ಹೊರಡುವಾಗ ಕೇಳಿದೆ. ನನಗೆ ನಿಜವಾಗಿ ಆ ಭಯ ಇತ್ತು.

"ಆಶೀರ್ವಾದ ಆದದ್ದು ಬುಟ್ಟಿಗೆ ಟೀಚರ್. ಅವರ ಕೈಗಲ್ಲ."

ಈ ಮಾತು ನನಗೆ ಹೊಳೆಯಬೇಕಿತ್ತು. ಭಾಷೆ ಕಲಿಸುವವಳು ನಾನು.

ಆಮೇಲೆ ಊರು ಎರಡಾಯಿತು. ಬಾವಿ ತೋಡಿಸಿದ ಪುಣ್ಯಾತ್ಮನ ಮೇಲೆ ಅಪವಾದವೇ ಎಂದವರೇ ಹೆಚ್ಚು. ಮದುವೆಯಾಗದ ಹೆಂಗಸಿಗೆ ತಲೆಕೆಟ್ಟಿದೆ ಎಂದರು. ಟೀಚರ ಮನೆಗೆ ಹಾಲು ಕೊಡುವವನು ಹಾಲು ನಿಲ್ಲಿಸಿದ. ಎದುರಿನ ಹೋಟೆಲಿನ ಶೆಟ್ರು, ಅವರಿಗೂ ಇಗರ್ಜಿಗೂ ಏನೂ ಸಂಬಂಧವಿಲ್ಲ, ತಾವಾಗಿ ಹಾಲು ಕಳಿಸಲು ಶುರುಮಾಡಿದರು. "ನನಗೂ ಇಬ್ಬರು ಹೆಣ್ಣುಮಕ್ಕಳು ಉಂಟು" ಎಂದಷ್ಟೇ ಹೇಳಿದರಂತೆ. ನನ್ನ ಮನೆಗೆ ಯಾರೂ ತಾವಾಗಿ ಏನನ್ನೂ ಕಳಿಸಿದವರಲ್ಲ.

ಮೇಲಿನವರಿಗೆ ಈಗ ಏನಾದರೂ ಮಾಡಲೇಬೇಕಾಯಿತು. ಮಾಡಿದ್ದು ವರ್ಗಾವಣೆ. ಬೆಳ್ತಂಗಡಿಯ ಕಡೆ, ನಮ್ಮದಕ್ಕಿಂತ ದೊಡ್ಡ ಇಗರ್ಜಿಗೆ. ಬೀಳ್ಕೊಡುಗೆ ಸಮಾರಂಭ, ಹಾರ, ಶಾಲು, ಮಾನಪತ್ರ. ಊರಿನಲ್ಲಿ ಯಾರಿಗೇ ಮಾನಪತ್ರ ಬರೆಯುವುದಿದ್ದರೂ ಬರೆಯುವವಳು ನಾನೇ, ಕಟ್ಟು ಹಾಕಿಸಿ ಓದುವವಳೂ ನಾನೇ. ಗುರಿಕಾರರು ಬಂದು ಕೇಳಿದರು. ನಾನು ಬಲಗೈಗೆ ದೊಡ್ಡ ಬಟ್ಟೆ ಸುತ್ತಿಕೊಂಡು, ಬಾವಿಕಟ್ಟೆಯಲ್ಲಿ ಜಾರಿ ಉಳುಕಿದೆ ಎಂದೆ. ಸಮಾರಂಭ ಮುಗಿಯುವ ತನಕ, ಎಣ್ಣೆ ಹಚ್ಚುವ ಹೊತ್ತು ಬಿಟ್ಟರೆ, ಬಟ್ಟೆ ಬಿಚ್ಚಲಿಲ್ಲ. ಅತ್ತೆ ಎಣ್ಣೆ ಕಾಸಿ ತಿಕ್ಕಿ ತಿಕ್ಕಿ ಚೆನ್ನಾಗಿದ್ದ ಕೈ ನಿಜವಾಗಿ ನೋಯತೊಡಗಿತು. ಇದು ನನ್ನ ಪ್ರತಿಭಟನೆ. ಅವರು ಬುಟ್ಟಿಯಿಂದ ತೆನೆ ತೆಗೆದದ್ದು ಮೂರು ತಾಲೂಕಿಗೆ ಗೊತ್ತು, ನಾನು ಮಾನಪತ್ರ ಬರೆಯದೆ ಇದ್ದದ್ದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ಮಾನಪತ್ರವನ್ನು ಇನ್ಯಾರೋ ಬರೆದರು. ತುಂಬ ಕೆಟ್ಟದಾಗಿ ಬರೆದಿದ್ದರು.

ಆ ವರ್ಷದ ಕೊನೆಗೆ ಹಳೆಯ ಹೆಡ್‌ಮಿಸ್ ನಿವೃತ್ತರಾದರು. ಸರದಿ ಲೆಕ್ಕದ ಟೀಚರದ್ದು. ಹುದ್ದೆ ಬಂದದ್ದು ನನಗೆ. ಯಾಕೆಂದು ಎಲ್ಲರಿಗೂ ಗೊತ್ತು. ನಾನು ಅವರ ಬಳಿಗೆ ಹೋಗಿ ನಿಂತಾಗ ಅವರು, "ತಕೊಳ್ಳಿ ಟೀಚರ್. ನೀವು ಬಿಟ್ಟರೆ ಹೊರಗಿನವರು ಬಂದು ಕೂತ್ಕೊಳ್ತಾರೆ. ಸಹಿ ಮಾಡ್ಲಿಕ್ಕೆ ಕೈ ಸರಿ ಆಯ್ತಾ?" ಎಂದರು. ಬಟ್ಟೆಯ ಗುಟ್ಟು ಅವರಿಗೆ ಗೊತ್ತಿತ್ತು. ಹುದ್ದೆ ತೆಗೆದುಕೊಂಡೆ, ಚೆನ್ನಾಗಿಯೇ ನಡೆಸಿದೆ. ಆದರೆ ಮಕ್ಕಳ ತಂದೆತಾಯಿ ಶಾಲೆಗೆ ಬಂದರೆ ಮೊದಲು ಹೋಗುತ್ತಿದ್ದುದು ಏಳನೇ ಕ್ಲಾಸಿನ ಬಾಗಿಲಿಗೆ, ಅವರ ಹತ್ತಿರ. ಕುರ್ಚಿ ನನ್ನದು, ಮರ್ಯಾದೆ ಅವರದ್ದು.

ವಿಗಾರರು ಹೋದರಲ್ಲ, ಇನ್ನು ಮುಗಿಯಿತು ಎಂದು ನಾನು ತಿಳಿದೆ. ಲೆಕ್ಕದ ಟೀಚರಿಗೆ ಮುಗಿದಿರಲಿಲ್ಲ. "ನಮ್ಮಲ್ಲಿಂದ ಹೋದದ್ದು ಸರಿ. ಅಲ್ಲಿನ ಹುಡುಗಿಯರಿಗೆ ಯಾರು ಹೇಳುವುದು?" ಎಂದರು. ಹೊಸ ಇಗರ್ಜಿಯಲ್ಲಿ ವಿಗಾರರ ಮೊದಲ ಭಾನುವಾರ ಬೆಳಗ್ಗಿನ ಬಸ್ಸಿಗೆ ಹೊರಟರು. "ಬರ್ತೀರಾ?" ಎಂದು ಕೇಳಿದರು. ಹೋದೆ. ಅವರೊಬ್ಬರನ್ನೇ ಹೋಗಲು ಬಿಟ್ಟರೆ ಆ ಕಥೆಯೂ ಪೂರ್ತಿ ಅವರದ್ದಾಗುತ್ತಿತ್ತು.

ವೇಣೂರು ದಾಟುವಷ್ಟರಲ್ಲಿ ನನಗೆ ಇಳಿದು ವಾಪಸು ಹೋಗೋಣ ಎನಿಸಿತು, ಅಷ್ಟು ಹೆದರಿಕೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ ಕಡಲೆ ತಿನ್ನುತ್ತಿದ್ದರು. ನನಗೆ ಕೊಡಲಿಲ್ಲ. ಇಗರ್ಜಿಯಲ್ಲಿ ನೇರ ಹೋಗಿ ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ ಕೂತರು. ನಾನು ಕಂಬದ ಹಿಂದೆ ಕೂತೆ. ವಿಗಾರರು ಪ್ರವಚನಕ್ಕೆ ನಿಂತು ಬಾಯಿ ತೆರೆದವರು ಮುಂದಿನ ಬೆಂಚನ್ನು ಕಂಡರು. ಆ ಗಂಟೆಯಂಥ ಸ್ವರ ತಡವರಿಸಿತು. ಹೇಳಿದ್ದನ್ನೇ ಹೇಳಿ ಬೇಗ ಮುಗಿಸಿದರು. ಲೆಕ್ಕದ ಟೀಚರ್ ಎಂದಿನಂತೆ ತಾಳ ತಪ್ಪಿ ಗಟ್ಟಿಯಾಗಿ ಹಾಡಿದರು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರ ಗುಂಪಿಗೆ ಹೋಗಿ, "ನಿಮ್ಮಲ್ಲಿ ಹೊಲಿಗೆ ಕ್ಲಾಸು ಉಂಟಾ? ಶುರುಮಾಡಿದರೆ ಹುಡುಗಿಯರನ್ನು ಒಬ್ಬೊಬ್ಬರೇ ಆಫೀಸಿಗೆ ಕಳಿಸಬೇಡಿ" ಎಂದರು. ಯಾಕೆ ಎಂದು ಕೇಳಿದವರಿಗೆ ನಡೆದದ್ದನ್ನು ಹೇಳಿದರು, ಹುಡುಗಿಯ ಹೆಸರು ಮಾತ್ರ ಹೇಳಲಿಲ್ಲ. ಕೆಲವರು ಸರಿದುಹೋದರು. ಒಬ್ಬ ದಪ್ಪ ಹೆಂಗಸು ಕೈ ತಿರುಗಿಸಿ, "ದೊಡ್ಡವರ ಮೇಲೆ ನಿಮಗೆಂತ ಇಷ್ಟು ಹೊಟ್ಟೆಕಿಚ್ಚು?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಂತೆ! ಅವರಿಗೆ! ಆ ಹೆಂಗಸಿಗೆ ಹೊಟ್ಟೆಕಿಚ್ಚು ಎಂದರೆ ಏನೆಂದು ಗೊತ್ತಿದ್ದರೆ ತಾನೆ. ಅಷ್ಟು ಹೊತ್ತು ಹಿಂದೆ ನಿಂತಿದ್ದವಳು ಎದುರಿಗೆ ಬಂದು, "ಬಾಯಮ್ಮ, ಹೊಟ್ಟೆಕಿಚ್ಚು ಇರುವುದು ನನಗೆ, ಇವರಿಗಲ್ಲ. ಇವರು ಹೇಳುವುದು ನಿಜ" ಎಂದೆ. ಅವರೆಲ್ಲ ನನ್ನನ್ನು ಹುಚ್ಚಿಯಂತೆ ನೋಡಿದರು. ಬರುವಾಗ ಬಸ್ಸಿನಲ್ಲಿ ಲೆಕ್ಕದ ಟೀಚರ್ ಉಳಿದ ಕಡಲೆಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು. ಅವರು ನನಗೆ ಕೊಟ್ಟ ತಿಂಡಿ ಅದೊಂದೇ.

ಆಮೇಲೆ ನಾನು ಹೋಗಲಿಲ್ಲ. ಅವರು ಬಿಡದೆ ಹೋದರು, ಆಗಾಗ ಭಾನುವಾರ, ಮುಂದಿನ ಬೆಂಚು. ಒಂದೆರಡು ವರ್ಷದಲ್ಲಿ ಅಲ್ಲಿಯ ತಾಯಂದಿರೇ ಬಿಷಪರ ಮನೆಗೆ ಹೋದರು ಎಂದು ಕೇಳಿದೆ. ಮತ್ತೆ ವರ್ಗಾವಣೆ, ಈ ಬಾರಿ ಬಂಟ್ವಾಳದ ಕಡೆ, ಮಾಣಿಯಿಂದ ಒಳಗೆ. ಇವರೂ ಬಸ್ಸು ಬದಲಾಯಿಸಿದರು. ಬೆಳಗಿನ ಜಾವ ಹೊರಟು, ಎರಡು ಕಡೆ ಇಳಿದು ಹತ್ತಿ, ಅಲ್ಲಿಯ ಮುಂದಿನ ಬೆಂಚಿನಲ್ಲಿ ಹೋಗಿ ಕೂತರು. ಅಲ್ಲಿ ಹೆಂಗಸರು ಇವರಿಗೆ ಜಾಗ ಹಿಡಿದಿಡುತ್ತಿದ್ದರಂತೆ. ಎಂಬತ್ತರ ದಶಕದ ನಡುವೆ ಒಂದು ದಿನ, ಆರೋಗ್ಯದ ಕಾರಣದಿಂದ ಆ ವಿಗಾರರನ್ನು ಎಲ್ಲ ಇಗರ್ಜಿಯ ಕೆಲಸಗಳಿಂದ ಬಿಡಿಸಿ ವಿಶ್ರಾಂತಿಗೆ ಕಳಿಸಲಾಗಿದೆ ಎಂದು ಪ್ರಕಟವಾಯಿತು.

ಇದನ್ನು ಹೇಳಿ ಲೆಕ್ಕದ ಟೀಚರನ್ನು ಸಮಾಧಾನ ಮಾಡಲು ಬಿಷಪರ ಮನೆಯ ಅದೇ ಹಿರಿಯ ಪಾದ್ರಿ ನಮ್ಮ ಶಾಲೆಗೆ ಬಂದಿದ್ದರು. ಮಾತು ನಡೆದದ್ದು ನನ್ನ ಕೋಣೆಯಲ್ಲಿ, ನನ್ನ ಎದುರಿನಲ್ಲಿ. "ಇನ್ನು ನಿಮಗೆ ಸಂತೋಷ ಅಲ್ವಾ ಟೀಚರ್?" ಎಂದು ಅವರು ಕೇಳಿದರು.

"ಉತ್ತರ ಬಂತು ಫಾದರ್. ದಾರಿ ತೋರಿಸಿ."

ಪಾದ್ರಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಹೇಳಬೇಕಾಯಿತು. "ಯಾಕೆ ತೆಗೆದದ್ದು ಎಂದು ಹೇಳಿ ಅಂತಾರೆ ಫಾದರ್."

"ಆರೋಗ್ಯ ಎಂದು ಹೇಳಿದೆವಲ್ಲ."

"ಅವರಿಗೆ ಎಂತ ರೋಗ?" ಎಂದರು ಲೆಕ್ಕದ ಟೀಚರ್. "ಹುಡುಗಿಯರ ಮೇಲೆ ಕೈ ಹಾಕಿದ್ದಕ್ಕೆ ತೆಗೆದದ್ದು ಎಂದು ಹೇಳಿ. ಹುಡುಗಿಯರದ್ದು ತಪ್ಪಿಲ್ಲ ಎಂದು ಹೇಳಿ. ಮೂರು ಇಗರ್ಜಿಯಲ್ಲಿ, ಪೀಠದ ಹತ್ತಿರ ನಿಂತು ಒಂದು ಸಲ. ಅಷ್ಟೇ ಸಾಕು. ನಾನು ಮತ್ತೆ ಬಸ್ಸು ಹತ್ತುವುದಿಲ್ಲ."

"ಇಗರ್ಜಿಯ ಮರ್ಯಾದೆ ನೋಡ್ಬೇಕಲ್ಲ ಟೀಚರ್?"

"ಇಗರ್ಜಿ ಎಂದರೆ ಯಾರು ಫಾದರ್? ಆ ಹುಡುಗಿ ಇಗರ್ಜಿ ಅಲ್ವಾ? ಅವಳಿಗೆ ಬಂದ ಎರಡು ಸಂಬಂಧ ಈ ಮಾತಿನಿಂದ ತಪ್ಪಿತು. ಅವಳ ಮರ್ಯಾದೆ ಯಾರು ನೋಡುವುದು?"

ಪಾದ್ರಿ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಆ ಮಾತನ್ನು ಪೀಠದಿಂದ ಯಾರೂ ಹೇಳಲಿಲ್ಲ. ಮಾಡಿದ್ದು ಇಷ್ಟೇ, ನಮ್ಮ ಇಗರ್ಜಿಯಲ್ಲಿ ಆಮೇಲಿನ ವಿಗಾರರು ಹಬ್ಬದ ದಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಜನರೇ ತೆಗೆದುಕೊಳ್ಳಲಿ ಎಂದು ಪಕ್ಕಕ್ಕೆ ನಿಂತರು. ಇಂದಿಗೂ ಹಾಗೆಯೇ ನಡೆಯುತ್ತದೆ. ಯಾಕೆ ಹೀಗೆ ಎಂದು ಈಗಿನವರಿಗೆ ಗೊತ್ತಿಲ್ಲ, ಸಾಲು ಬೇಗ ಮುಗಿಯಲಿ ಎಂದು ಮಾಡಿರಬೇಕು ಎನ್ನುತ್ತಾರೆ. ಪದ್ಧತಿ ಬದಲಾಯಿಸಲು ಅವರಿಗೆ ಕಷ್ಟವಾಗಲಿಲ್ಲ, ಒಂದು ಮಾತು ಹೇಳಲು ಕಷ್ಟವಾಯಿತು.

ಆ ವಿಗಾರರು ತೀರಿಕೊಂಡಾಗ ದೊಡ್ಡ ಪೂಜೆ, ದೊಡ್ಡ ಫೋಟೋ, ಸೇವೆಯ ಗುಣಗಾನ. ಲೆಕ್ಕದ ಟೀಚರ್ ಅಂದು ಶಾಲೆಗೆ ಎಂದಿನಂತೆ ಬಂದು ಭಿನ್ನರಾಶಿ ಕಲಿಸಿದರು. ಕಾರ್ಮಿನಳಿಗೆ ಕೊನೆಗೆ ಮದುವೆಯಾಯಿತು, ಎಲ್ಲ ತಿಳಿದೇ ಒಪ್ಪಿದ ಒಬ್ಬ ಬಡಗಿ. ಮದುವೆಯ ಸೀರೆ ತೆಗೆಯಲು ಅವಳು ಯಾರನ್ನು ಕರೆದುಕೊಂಡು ಹೋದಳು ಎಂದು ನಾನು ಬರೆಯಬೇಕಾಗಿಲ್ಲ.

ಅವರು ಹೆಡ್‌ಮಿಸ್ ಆಗದೆಯೇ ನಿವೃತ್ತರಾದರು. ಕಡೆಯ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತು. ನಾನು ಹೋಗಿ ಪೇಪರು ಓದಿ ಹೇಳುತ್ತಿದ್ದೆ. ಬೇರೆ ಬೇರೆ ದೇಶದಲ್ಲಿ ದೊಡ್ಡ ದೊಡ್ಡ ಪಾದ್ರಿಗಳ ಮೇಲಿನ ದೂರುಗಳ ಸುದ್ದಿ ಬರತೊಡಗಿದ ಕಾಲ. ಅವನ್ನೂ ಓದುತ್ತಿದ್ದೆ. "ಅಲ್ಲಿ ಪೀಠದಿಂದ ಹೇಳಿದ್ರಾ?" ಎಂದು ಕೇಳುತ್ತಿದ್ದರು. ಕೆಲವೊಮ್ಮೆ ಹೌದು ಎನ್ನುವಂಥ ಸುದ್ದಿ ಇರುತ್ತಿತ್ತು. ಆಗ ಅವರು ಅದನ್ನೇ ಇನ್ನೊಮ್ಮೆ ಓದಿಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರ ಮುಖದಲ್ಲಿ ಮತ್ತೊಬ್ಬರ ಮೇಲಿನ ಅಸೂಯೆ ನಾನು ಕಂಡದ್ದು ಆಗ ಮಾತ್ರ.

ಮಣ್ಣಿನ ದಿನ ನಾನು ಹೇಳಿದಂತೆಯೇ ಆಯಿತು. ಇಗರ್ಜಿ ತುಂಬಿ ಜನ ಅಂಗಳದ ತನಕ ನಿಂತಿದ್ದರು. ಬೆಳ್ತಂಗಡಿಯ ಕಡೆಯಿಂದ, ಮಾಣಿಯ ಕಡೆಯಿಂದ ನನಗೆ ಮುಖಪರಿಚಯವಿಲ್ಲದ ಹೆಂಗಸರು ಬಂದಿದ್ದರು. ಈಗಿನ ವಿಗಾರರು ಒಳ್ಳೆಯ ಪ್ರಾಯದ ಪಾದ್ರಿ, ನನ್ನ ಬಳಿ ಬಂದು ಮೆಲ್ಲಗೆ, "ಟೀಚರ್, ನಿವೃತ್ತ ಹೆಡ್‌ಮಿಸ್ ನೀವು, ಎರಡು ಮಾತು ಆಡ್ಬೇಕು. ಹಳೆಯ ವಿಷಯ ಎಂತದ್ದೂ ಬೇಡ ಆಯ್ತಾ?" ಎಂದರು. ಆಯಿತು ಎಂದೆ.

ಪೀಠದ ಪಕ್ಕದ ಮೈಕಿನ ಮುಂದೆ ಹೋಗಿ ನಿಂತೆ. ಅವರ ಮುಡಿಯ ಸೀಮೆಸುಣ್ಣದ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಮೈಕಿನ ಎದುರು ಬಾಯಿಗೆ ಬಂದದ್ದು ಬೇರೆ. "ನಮ್ಮ ಇಗರ್ಜಿಯ ಒಬ್ಬ ವಿಗಾರರು ಹೊಲಿಗೆ ಕ್ಲಾಸಿನ ಹುಡುಗಿಯರ ಮೇಲೆ ಕೈ ಹಾಕಿದರು. ಗೊತ್ತಿದ್ದೂ ಅವರನ್ನು ಇನ್ನೆರಡು ಊರಿಗೆ ಕಳಿಸಿದರು. ಕೊನೆಗೆ ತೆಗೆದದ್ದು ಅದಕ್ಕಾಗಿ, ಆರೋಗ್ಯಕ್ಕಾಗಿ ಅಲ್ಲ. ಹುಡುಗಿಯರದ್ದು ತಪ್ಪಿರಲಿಲ್ಲ. ಇಷ್ಟನ್ನು ಇಲ್ಲಿ ನಿಂತು ಯಾರಾದರೂ ಹೇಳಬೇಕೆಂದು ಈ ಟೀಚರ್ ಕೇಳಿದ್ದರು."

ವಿಗಾರರು ತಲೆ ತಗ್ಗಿಸಿದ್ದರು. ಜೀವಮಾನದಲ್ಲಿ ನಾನು ಆಡಿದ ಅತಿ ಒಳ್ಳೆಯ ಮಾತು ಇದು ಎಂದು ನನಗೆ ಗೊತ್ತಿತ್ತು. ಮೆಟ್ಟಿಲಿಳಿದು ಪೆಟ್ಟಿಗೆಯ ಬಳಿ ಬಂದಾಗ ಎದುರಿನಿಂದ ಕಾರ್ಮಿನ್ ಬರುತ್ತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿದೆ, ಕಣ್ಣಿನಿಂದ ನೀರು ಧಾರೆ. ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ, ಪೆಟ್ಟಿಗೆಗೆ ಬಾಗಿ, ಆ ತಣ್ಣಗಿನ ಹಣೆಗೆ ಕೈಯಿಟ್ಟಳು.

"ಕೊನೆಗೂ ಹೇಳಿಸಿದ್ರಿ ಅಲ್ವಾ ಟೀಚರ್" ಎಂದಳು.